ನಿಲ್ ಎಂದು ಬರೆದವಳು

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಕೂತವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಏನೂ ನಡೆಯದಿದ್ದರೂ ನಡೆದಿಲ್ಲ ಎಂದು ಬರೆದು ಕಳಿಸಬೇಕು. ಪ್ರತಿ ಸರ್ಕ್ಯುಲರಿನ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಹೇಳಲು ಏನೂ ಇಲ್ಲದಿದ್ದರೆ 'ನಿಲ್' ರಿಪೋರ್ಟನ್ನಾದರೂ ತಪ್ಪದೆ ಕಳಿಸತಕ್ಕದ್ದು. ಎಷ್ಟು ದೂರುಗಳು ಬಾಕಿ ಇವೆ? ನಿಲ್. ಎಷ್ಟು ಕುರ್ಚಿಗಳು ಮುರಿದಿವೆ? ನಿಲ್. ಮಳೆಗೆ ಎಷ್ಟು ಫೈಲು ನೆನೆದವು? ಅದೂ ನಿಲ್, ನೆನೆದ ಫೈಲುಗಳು ನನ್ನ ಮೇಜಿನ ಮೇಲೆಯೇ ಫ್ಯಾನಿನಡಿ ಒಣಗುತ್ತಿದ್ದರೂ. ಕಾಲಂ ಖಾಲಿ ಬಿಟ್ಟರೆ ಕಾಗದ ವಾಪಸ್ ಬರುತ್ತದೆ, ನಿಲ್ ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ.

ನಾನು ದೆಹಲಿಯಲ್ಲಿ, ಸಂಶೋಧನೆಗಳಿಗೆ ಅನುದಾನ ಕೊಡುವ ಇಲಾಖೆಯ ಒಂದು ಸೆಕ್ಷನ್ನಿನಲ್ಲಿ ಅಸಿಸ್ಟೆಂಟ್ ಆಗಿದ್ದೆ. ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದೆ. ಮದುವೆ ಏಕಾಗಲಿಲ್ಲ ಎಂದು ಕೇಳುವ ಹಕ್ಕು ತಮಗಿದೆಯೆಂದು ಇಡೀ ದಕ್ಷಿಣ ದೆಹಲಿಯ ಕನ್ನಡಿಗರು ತಿಳಿದಿದ್ದರು, ಆದ್ದರಿಂದ ಆ ವಿಷಯ ಇಲ್ಲಿ ಬೇಡ. ನನ್ನ ಅಕ್ಷರ ಚೆನ್ನಾಗಿತ್ತು. ಕನ್ನಡದವರ ಯಾರ ಮನೆಗೆ ಫಾರ್ಮು ಬಂದರೂ, ಗ್ಯಾಸ್ ಕನೆಕ್ಷನ್ನಿನದಿರಲಿ, ಮಗುವಿನ ಶಾಲೆಯದಿರಲಿ, ಅದು ಒಂದು ಡಬ್ಬಿ ಕೋಡುಬಳೆಯ ಜೊತೆ ನನ್ನ ಬಾಗಿಲಿಗೆ ಬರುತ್ತಿತ್ತು. ನಾನು ತುಂಬಿದ ಫಾರ್ಮು ಯಾವ ಕೌಂಟರಿನಿಂದಲೂ ವಾಪಸ್ ಬಂದಿಲ್ಲ ಎಂಬ ಖ್ಯಾತಿಯಿತ್ತು. ಆ ಖ್ಯಾತಿಯಿಂದ ನನಗೆ ಹೆಮ್ಮೆಯೂ ಇತ್ತು, ಸುಳ್ಳು ಹೇಳುವುದೇಕೆ.

ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ಕಿದ್ವಾಯಿ ನಗರದಲ್ಲಿದ್ದಳು. ಭಾವ ಇನ್ನೊಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್. ಒಬ್ಬಳೇ ಮಗಳು, ಆಗಷ್ಟೇ ಹೌಜ್ ಖಾಸ್ ಹತ್ತಿರ ಇಂಜಿನಿಯರಿಂಗ್ ಓದಲು ಸೇರಿದ್ದಳು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಅಕ್ಕನ ಗರ್ಭಕೋಶದಲ್ಲಿ ಗಡ್ಡೆ ಬೆಳೆದು, ತಿಂಗಳಿಗೆ ಹದಿನೈದು ದಿನ ರಕ್ತ ಹೋಗಿ, ಕೊನೆಗೆ ಗರ್ಭಕೋಶ ತೆಗೆಯುವುದೆಂದಾಯಿತು. ಆಸ್ಪತ್ರೆಯಲ್ಲಿ ಎರಡು ಪುಟದ ಫಾರ್ಮು ಕೊಟ್ಟರು. ಅಕ್ಕ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಪೆನ್ನು ಸಹಜವಾಗಿಯೇ ನನ್ನ ಕೈಗೆ ಬಂತು.

ಹನ್ನೊಂದನೆಯ ಕಾಲಂ ಹೀಗಿತ್ತು: ಕುಟುಂಬದಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ, ಇದ್ದರೆ ವಿವರ. ನಾನು ಅಕ್ಕನನ್ನು ಕೇಳಲಿಲ್ಲ. ನನ್ನನ್ನೂ ಕೇಳಿಕೊಳ್ಳಲಿಲ್ಲ. ನಿಲ್ ಎಂದು ಬರೆದು, ಕೆಳಗೊಂದು ಗೆರೆ ಎಳೆದು ಹನ್ನೆರಡಕ್ಕೆ ಹೋದೆ. ಎರಡು ಸೆಕೆಂಡು ಹಿಡಿದಿರಬಹುದು. ಆ ಎರಡು ಸೆಕೆಂಡಿನ ಬಗ್ಗೆಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಆಪರೇಷನ್ ಮಾಡಿದ ವೈದ್ಯರು ಹಿರಿಯರು, ಒಳ್ಳೆಯವರು. ಫಾರ್ಮನ್ನು ಓದಿಯೇ ಮಾತಾಡಿದರು. "ಅಂಡಾಶಯ ಎರಡೂ ಚೆನ್ನಾಗಿವೆ. ಕುಟುಂಬದಲ್ಲೂ ಏನೂ ಇಲ್ಲ. ಸುಮ್ಮನೆ ಯಾಕೆ ತೆಗೆಯೋದು, ಇರಲಿ" ಎಂದು ಹಿಂದಿಯಲ್ಲಿ ಹೇಳಿದರು. ನಮಗೆ ಖುಷಿಯಾಯಿತು. ಸರ್ಕಾರಿ ಆಸ್ಪತ್ರೆಯಲ್ಲೂ ಎಷ್ಟು ವಿಚಾರಿಸಿ ಕೆಲಸ ಮಾಡುತ್ತಾರೆ ನೋಡಿ ಎಂದು ಭಾವ ಮೆಚ್ಚಿಕೊಂಡರು.

ಎರಡು ವರ್ಷ ಕಳೆದ ಮೇಲೆ ಅಕ್ಕನಿಗೆ ಹೊಟ್ಟೆ ಉಬ್ಬರ ಶುರುವಾಯಿತು. ಎರಡು ತುತ್ತು ತಿಂದರೆ ಸಾಕು ಎನ್ನುವಳು, ಗಂಟೆಗೊಮ್ಮೆ ಬಚ್ಚಲಿಗೆ ಓಡುವಳು, ಸೀರೆ ಉಡುವಾಗ ಸೊಂಟ ಬಿಗಿ ಎನ್ನುವಳು. ಡಿಸ್ಪೆನ್ಸರಿಯ ಡಾಕ್ಟರು ಮುಖ ಎತ್ತದೆ ಗ್ಯಾಸ್ ಎಂದರು, ಗುಲಾಬಿ ಬಣ್ಣದ ಚೀಪುವ ಮಾತ್ರೆ ಕೊಟ್ಟರು. ಮುಂದಿನ ತಿಂಗಳು ಅದೇ ಮಾತ್ರೆ ಎರಡರಷ್ಟು. ಅದರ ಮುಂದಿನ ತಿಂಗಳು, ಈ ವಯಸ್ಸಿಗೆ ಹೆಂಗಸರಿಗೆ ಹೀಗೆಲ್ಲ ಆಗುತ್ತದೆ, ವಾಕಿಂಗ್ ಮಾಡಿ ಎಂದರು. ಅಕ್ಕ ವಿಧೇಯಳು. ಒಳಗೆ ನೀರು ತುಂಬಿಕೊಂಡ ಹೊಟ್ಟೆ ಹೊತ್ತು, ದಿನಾ ಬೆಳಿಗ್ಗೆ ಕಿದ್ವಾಯಿ ನಗರದ ಪಾರ್ಕನ್ನು ನಾಲ್ಕು ಸುತ್ತು ಹಾಕಿದಳು.

ಡಿಸ್ಪೆನ್ಸರಿಯಲ್ಲಾದರೂ ಒಬ್ಬರೇ ಡಾಕ್ಟರು. ನಮ್ಮ ಕನ್ನಡ ಹೆಂಗಸರ ಶುಕ್ರವಾರದ ಭಜನೆಗೆ ಹೋದರೆ ಹದಿನಾಲ್ಕು ಜನ. ಒಬ್ಬರು ಓಮಿನ ಕಷಾಯ ಎಂದರು, ಒಬ್ಬರು ಹೊಕ್ಕುಳಿಗೆ ಇಂಗು ಹಚ್ಚು ಎಂದರು, ಒಬ್ಬರು ದೆಹಲಿಯ ನೀರೇ ಸರಿಯಿಲ್ಲ ಎಂದರು, ಆ ನೀರಿನಲ್ಲೇ ತಾವು ಮೂವತ್ತು ವರ್ಷದಿಂದ ದುಂಡಗೆ ಇರುವುದನ್ನು ಮರೆತು. ಒಮ್ಮೆ ನಾನು, "ಯಾವುದಕ್ಕೂ ಸ್ಕ್ಯಾನ್ ಮಾಡಿಸೋಣವಾ, ಬೇರೆ ಏನಾದ್ರೂ ಇದ್ರೆ?" ಎಂದೆ. ಹಾರ್ಮೋನಿಯಂ ಬಾರಿಸುವವರು ನನ್ನನ್ನು ಕನಿಕರದಿಂದ ನೋಡಿದರು.

"ಗರ್ಭಕೋಶಾನೇ ತೆಗೆಸಿಯಾಗಿದೆಯಲ್ರೀ. ಇನ್ನು ಅಲ್ಲಿ ಏನು ಬರತ್ತೆ, ಹೇಗೆ ಬರತ್ತೆ?"

ಹದಿಮೂರು ತಲೆಗಳು ಆಡಿದವು. ಅಂಡಾಶಯ ಎಂಬ ಅಂಗವೊಂದಿದೆ ಎಂಬುದನ್ನು ನಾವು ಹೈಸ್ಕೂಲಿನ ಪಾಠದಲ್ಲಿ ಓದಿ, ಪರೀಕ್ಷೆ ಮುಗಿದ ಕೂಡಲೇ ಮರ್ಯಾದಸ್ಥರಾಗಿ ಮರೆತಿದ್ದೆವು. ಅಚ್ಛಾ ಬಿಡಿ, ಎಂದು ನಾನೂ ತಲೆಯಾಡಿಸಿ ಪ್ರಸಾದ ತಿಂದೆ.

ಎಂಟು ತಿಂಗಳು ಹೀಗೆ ಹೋಯಿತು. ಕೊನೆಗೆ ಅಕ್ಕನ ಮಗಳೇ ಒಂದು ದಿನ ಹಾಸ್ಟೆಲಿನಿಂದ ಬಂದವಳು, ಬಾಗಿಲಲ್ಲೇ ನಿಂತು, "ಅಮ್ಮಾ, ಯೂ ಲುಕ್ ಪ್ರೆಗ್ನೆಂಟ್ ಯಾರ್" ಎಂದಳು. ಭಾವ ಗದರಿದರು. ಅವಳು ಗದರಿಸಿಕೊಳ್ಳುವ ಪೈಕಿ ಅಲ್ಲ. ಅಮ್ಮನನ್ನು ಆಟೋ ಹತ್ತಿಸಿ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದಳು. ಮೂರು ದಿನದಲ್ಲಿ ನಾವೆಲ್ಲ ದೊಡ್ಡಾಸ್ಪತ್ರೆಯ ಕ್ಯಾನ್ಸರ್ ವಿಭಾಗದ ಉದ್ದನೆಯ ಸಾಲಿನಲ್ಲಿ ನಿಂತಿದ್ದೆವು.

ಅಲ್ಲಿ ನಮ್ಮನ್ನು ನೋಡಿದವಳು ಚಿಕ್ಕ ವಯಸ್ಸಿನ ಡಾಕ್ಟರು, ಪಂಜಾಬಿ ಹುಡುಗಿ, ನಿದ್ದೆಗೆಟ್ಟ ಕಣ್ಣು. ಎರಡೂ ಅಂಡಾಶಯಗಳಲ್ಲಿ ಗಡ್ಡೆ, ಹೊಟ್ಟೆಯೊಳಗೆಲ್ಲ ಹರಡಿದೆ ಎಂದು ಸುತ್ತಿ ಬಳಸದೆ ಹೇಳಿದಳು. ಭಾವ, "ನಾವು ತಿಂಗಳು ತಿಂಗಳು ಡಾಕ್ಟರಿಗೆ ತೋರಿಸಿದ್ದೇವೆ" ಎಂದು ಡಿಸ್ಪೆನ್ಸರಿಯ ಚೀಟಿಗಳನ್ನು ತೆಗೆದರು. ತಾರೀಖಿನ ಪ್ರಕಾರ ಜೋಡಿಸಿ, ಟ್ಯಾಗ್ ಹಾಕಿ, ಪುಟಸಂಖ್ಯೆ ಬರೆದಿದ್ದರು. ಆ ಹುಡುಗಿ ಒಂದೊಂದೇ ತಿರುವಿದಳು.

"ಏನು ಮಾಡೋದು ಅಂಕಲ್," ಎಂದಳು ಹಿಂದಿಯಲ್ಲಿ. "ಈ ಕಾಯಿಲೆಯನ್ನು ಮೊದಲೇ ಹಿಡಿಯೋ ಪರೀಕ್ಷೆ ಇನ್ನೂ ಯಾರ ಹತ್ತಿರಾನೂ ಇಲ್ಲ. ರಕ್ತಪರೀಕ್ಷೆ ಒಂದಿದೆ, ಅದನ್ನ ಪೂರ್ತಿ ನಂಬೋ ಹಾಗಿಲ್ಲ. ಮೊದಲೇ ಗೊತ್ತಾಗೋದಿದ್ರೆ ಮನೆಯವರ ಕಥೆಯಿಂದ." ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದಳು: "ಆಂಟಿ, ನಿಮ್ಮ ತಾಯಿ ಹೇಗೆ ತೀರಿಕೊಂಡರು?"

ಅಕ್ಕ ಹರಕು ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು. ಅಮ್ಮನ ಹೊಟ್ಟೆಯೂ ಹೀಗೇ ಊದಿತ್ತು. ತುಮಕೂರಿನಲ್ಲಿ ಒಂದು ಸಲ ಬಕೆಟ್ಟಿಗೆ ನೀರು ತೆಗೆದರು, ಮತ್ತೆ ತುಂಬಿತು. ನಲವತ್ತೇಳಕ್ಕೆ ಹೋದಳು. ನಾಲ್ಕು ವರ್ಷದ ಮೇಲೆ ಅಮ್ಮನ ತಂಗಿಗೂ ಅದೇ.

ನಾನು ಪಕ್ಕದಲ್ಲೇ ನಿಂತಿದ್ದೆ. ಅಮ್ಮ ಹೋದಾಗ ನನಗೆ ಹನ್ನೆರಡು, ಎಲ್ಲ ನೆನಪಿದೆ. ಆದರೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಕ್ಯಾನ್ಸರ್ ಎನ್ನಲಿಲ್ಲ. ಜಲೋದರ ಎಂದರು, ದೃಷ್ಟಿ ಎಂದರು, ಬಾಣಂತನದಲ್ಲಿ ಪಥ್ಯ ಸಾಲದೆ ಹೋಯಿತು ಎಂದರು, ಹನ್ನೆರಡು ವರ್ಷದ ಹಿಂದಿನ ಬಾಣಂತನ. ಇಬ್ಬರು ಹೆಣ್ಣುಮಕ್ಕಳಿಗೆ ಮದುವೆಯಾಗಬೇಕಿದ್ದ ಮನೆಯಲ್ಲಿ ಆ ಶಬ್ದ ಹೊಸಿಲು ದಾಟಿ ಒಳಗೆ ಬರುವ ಹಾಗೇ ಇರಲಿಲ್ಲ. ಹೀಗಾಗಿ ಕುಟುಂಬದಲ್ಲಿ ಕ್ಯಾನ್ಸರ್ ಯಾರಿಗೂ ಇರಲಿಲ್ಲ, ಎಲ್ಲರೂ ಅದರಿಂದ ಸತ್ತರು, ಅಷ್ಟೆ.

ಡಾಕ್ಟರು ಭಾವನ ಫೈಲಿನಲ್ಲಿ ಹಳೆಯ ಆಪರೇಷನ್ನಿನ ಕಾಗದ ಹುಡುಕಿದಳು. ನನ್ನ ಫಾರ್ಮಿನ ನಕಲು ಸಿಕ್ಕಿತು. ಹನ್ನೊಂದನೆಯ ಕಾಲಮಿನ ಮೇಲೆ ಬೆರಳಿಟ್ಟು, "ಇದನ್ನು ಯಾರು ಬರೆದಿದ್ದು?" ಎಂದಳು. "ಆಗ ಇದು ಗೊತ್ತಿದ್ದಿದ್ದರೆ ಗರ್ಭಕೋಶದ ಜೊತೆಗೇ ಅಂಡಾಶಯಾನೂ ತೆಗೆದುಬಿಡ್ತಿದ್ರು."

ಇಪ್ಪತ್ತು ವರ್ಷ ಇನ್ನೊಬ್ಬರ ತಪ್ಪಿಗೆ ಆಬ್ಜೆಕ್ಷನ್ ಹಾಕಿದ ನನಗೆ, "ನಾನು" ಎಂಬ ಒಂದು ಮಾತು ಹೊರಡಲಿಲ್ಲ. ಅಕ್ಕ ಕೈ ಚಾಚಿ ಕಾಗದ ತೆಗೆದುಕೊಂಡು ದೂರ ಹಿಡಿದು ನೋಡಿದಳು, ಕನ್ನಡಕ ತಂದಿರಲಿಲ್ಲ.

"ಅಕ್ಷರ ಮಾತ್ರ ಮುತ್ತಿನ ಹಾಗಿದೆ ಕಣೇ," ಎಂದಳು.

ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಆಟೋದಲ್ಲಿ ಬರುವಾಗ, "ಬಿಡು, ನನ್ನನ್ನ ಕೇಳಿದ್ರೂ ನಾನು ಇಲ್ಲ ಅಂತಾನೇ ಹೇಳ್ತಿದ್ದೆ. ನಮಗೆ ಯಾರು ಹೇಳಿದ್ರು ಅದು ಕ್ಯಾನ್ಸರ್ ಅಂತ?" ಎಂದು ನನ್ನ ತೊಡೆ ತಟ್ಟಿದಳು. ನಾನು ರಸ್ತೆ ನೋಡುತ್ತಾ ಅತ್ತೆ.

ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆ ಕೀಮೋ, ಒಟ್ಟು ಆರು. ಎರಡು ಔಷಧಿಗಳಲ್ಲಿ ಒಂದು ಮೂಲತಃ ಮರದ ತೊಗಟೆಯಿಂದ ಸಿಕ್ಕಿದ್ದಂತೆ, ಆ ಜಾತಿಯ ಮರ ನಮ್ಮ ಹಿಮಾಲಯದಲ್ಲೂ ಇದೆಯಂತೆ. ಇಂಗ್ಲಿಷ್ ಔಷಧಿ ಎಲ್ಲ ವಿಷ, ಬೇರು ತೊಗಟೆಯ ಮದ್ದು ಮಾಡಿಸಿ ಎಂದು ಭಜನೆಯವರು ಹೇಳಲು ಬಂದಾಗ, ಅಕ್ಕ ಬೋಳು ತಲೆಗೆ ಸೆರಗು ಎಳೆದುಕೊಂಡು, "ಅದನ್ನೇ ಕೊಡ್ತಿದ್ದಾರೆ ಕಣ್ರೀ, ತೊಗಟೆ, ಸೂಜಿಯಲ್ಲಿ" ಎಂದಳು. ಅವರು ಹುಳಿಯವಲಕ್ಕಿಯ ಡಬ್ಬಿ ಇಟ್ಟು ಹೊರಟರು. ಆ ಔಷಧಿಯ ವಾರಗಳಲ್ಲಿ ಅವಳ ಬಾಯಿಗೆ ಎಲ್ಲವೂ ಕಬ್ಬಿಣದ ರುಚಿ, ಬೆರಳ ತುದಿಗಳು ಜೋಮು. ಆದರೂ ಹೊಟ್ಟೆ ಇಳಿಯಿತು. ರಕ್ತಪರೀಕ್ಷೆಯ ಅಂಕಿ ಇಳಿಯಿತು. ನಾನು ಅದನ್ನು ಪ್ರಗತಿ ಎಂದು ತಿಳಿದೆ.

ಪ್ರಗತಿಯ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆ ವರ್ಷವೇ ನನ್ನ ಮೇಜಿಗೆ ಒಂದು ಫೈಲು ಬಂತು, ಇದೇ ಕಾಯಿಲೆಯ ಮೇಲಿನ ಸಂಶೋಧನೆಯೊಂದರ ವರದಿ. ಎರಡು ತಲೆಬರಹ: ಪ್ರಗತಿ, ಸವಾಲುಗಳು. ಪ್ರಗತಿಯ ಕೆಳಗೆ, ತೃಪ್ತಿಕರ. ಸವಾಲುಗಳ ಕೆಳಗೆ ಮೊದಲನೆಯ ಸಾಲು, ರೋಗಿಗಳು ತಡವಾಗಿ ಬರುತ್ತಾರೆ. ತಡವಾಗಿ ಬರುತ್ತಾರಂತೆ! ಎಂಟು ತಿಂಗಳು ಪ್ರತಿ ತಿಂಗಳೂ ಬಂದು, ಚೀಪುವ ಮಾತ್ರೆ ತೆಗೆದುಕೊಂಡು, ಪಾರ್ಕು ಸುತ್ತಿದವಳು ತಡವಾಗಿ ಬಂದವಳು. ನಾನು ಪೆನ್ಸಿಲಿನಲ್ಲಿ ಪಕ್ಕದಲ್ಲಿ "ಬಂದಿದ್ದಳು" ಎಂದು ಬರೆದೆ. ನನ್ನ ಸೆಕ್ಷನ್ ಆಫೀಸರು ಕನ್ನಡ ಬರದ ಬಿಹಾರದವರು, ಇದೇನು ಎಂದು ಕೇಳಿದರು. ಅಳಿಸಿ, ಅವಗಾಹನೆಗಾಗಿ ಎಂದು ಬರೆದು ಮೇಲಕ್ಕೆ ಕಳಿಸಿದೆ.

ವರದಿ ಸುಳ್ಳಿರಲಿಲ್ಲ, ಅದೇ ಕಷ್ಟ. ಪ್ರಗತಿ ಇತ್ತು. ಅಮ್ಮನಿಗೆ ಬಕೆಟ್ಟು ಸಿಕ್ಕಿತ್ತು, ಅಕ್ಕನಿಗೆ ಒಂದೂವರೆ ವರ್ಷ ಸಿಕ್ಕಿತು, ಮಗಳ ಜೊತೆ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಭಯ್ಯಾಗಳ ಹತ್ತಿರ ಜಗಳವಾಡಿ ಕುರ್ತಾ ಕೊಳ್ಳುವಷ್ಟು ಚೆನ್ನಾಗಿದ್ದ ಒಂದೂವರೆ ವರ್ಷ. ಆಮೇಲೆ ಕಾಯಿಲೆ ವಾಪಸ್ ಬಂತು. ಈ ಕಾಯಿಲೆಗೆ ಅದೊಂದು ಚಟವಂತೆ. ಬೇರೆ ಔಷಧಿ ಕೊಟ್ಟರು, ಅದು ಕೇಳಲಿಲ್ಲ. ಆ ಹೊತ್ತಿಗೆ ಪಂಜಾಬಿ ಡಾಕ್ಟರು, ಕುಟುಂಬದಲ್ಲಿ ಹರಿದು ಬರುವ ಜೀನಿನ ದೋಷದ ಬಗ್ಗೆ ಒಂದು ಅಧ್ಯಯನ ನಡೆದಿದೆ, ಅಕ್ಕನ ರಕ್ತ ಕಳಿಸೋಣವೇ ಎಂದು ಕೇಳಿದಳು. "ಇದರಿಂದ ಆಂಟಿಗೆ ಏನೂ ಪ್ರಯೋಜನ ಇಲ್ಲ" ಎಂದೂ ಹೇಳಿದಳು.

"ನನಗೆ ಬೇಡ ಬಿಡಮ್ಮ," ಎಂದಳು ಅಕ್ಕ, ನನ್ನನ್ನೂ ಮಗಳನ್ನೂ ತೋರಿಸಿ. "ಇವರಿಬ್ಬರಿಗೆ." ಆಮೇಲೆ ಕನ್ನಡದಲ್ಲಿ ನನಗೆ, "ಈ ಸಲ ಫಾರ್ಮು ಸರಿಯಾಗಿ ತುಂಬು."

ತುಂಬಿದೆ. ಅಮ್ಮ, ಚಿಕ್ಕಮ್ಮ, ಊರು, ವಯಸ್ಸು, ಬಕೆಟ್ಟು ಸಹಿತ. ಅಕ್ಕ ಆ ಚಳಿಗಾಲದಲ್ಲಿ ಹೋದಳು. ನಲವತ್ತೆಂಟು. ಅಮ್ಮನಿಗಿಂತ ಒಂದು ವರ್ಷ ಹೆಚ್ಚು. ಮೂವತ್ತು ವರ್ಷದ ವಿಜ್ಞಾನಕ್ಕೆ ಒಂದು ವರ್ಷ ಎಂದು ನಾನು ಎಷ್ಟೋ ದಿನ ಮನಸ್ಸಿನಲ್ಲೇ ಹಲ್ಲು ಕಡಿದಿದ್ದೇನೆ. ಭಾವ ನನಗೆ ಒಂದು ಮಾತೂ ಹೇಳಲಿಲ್ಲ. ತಿಂಗಳ ತಿಥಿಯ ದಿನ ಎಲೆ ಮುಂದೆ ಕೂತಾಗ ಮಾತ್ರ, "ನಾನು ಬರೆದಿದ್ರೂ ಅದನ್ನೇ ಬರೀತಿದ್ದೆ" ಎಂದರು. ಅದು ಕ್ಷಮೆಯೋ ಏನೋ, ನಾನು ಕೇಳಲಿಲ್ಲ.

ರಕ್ತಪರೀಕ್ಷೆಯ ಫಲಿತಾಂಶ ಅವಳು ಹೋದ ಹನ್ನೊಂದು ತಿಂಗಳಿಗೆ ಅವಳ ಹೆಸರಿಗೇ ಬಂತು. ದೋಷ ಇದೆ. ಕೆಳಗೆ ಅಚ್ಚುಹಾಕಿದ ಸಾಲು: ರೋಗಿಯು ಮುಂದಿನ ಭೇಟಿಯಲ್ಲಿ ಈ ಪತ್ರವನ್ನು ತಪ್ಪದೆ ತರತಕ್ಕದ್ದು. ರೋಗಿಗೆ ಬಿಡುವಿರಲಿಲ್ಲವಾದ್ದರಿಂದ ನಾನು ತೆಗೆದುಕೊಂಡು ಹೋದೆ. ನನ್ನ ರಕ್ತ ಕೊಟ್ಟೆ. ನನ್ನಲ್ಲೂ ಅದೇ ದೋಷವಿತ್ತು. ಡಾಕ್ಟರು, ಏನೂ ಆಗುವ ಮೊದಲೇ ಅಂಡಾಶಯ, ನಾಳ ಎಲ್ಲ ತೆಗೆಸಿಬಿಡಿ, ಇವತ್ತಿಗೆ ಇದಕ್ಕಿಂತ ದೊಡ್ಡ ಉಪಾಯ ನಮ್ಮ ಹತ್ತಿರ ಇಲ್ಲ ಎಂದಳು. ಇಷ್ಟೆಲ್ಲ ಸಂಶೋಧನೆ ಮಾಡಿ ಕೊನೆಗೆ ಸಿಕ್ಕ ಉಪಾಯ ಕತ್ತರಿ. ಆದರೂ ಕತ್ತರಿ ಸಿಕ್ಕಿತಲ್ಲ ಎಂದು ಅಂದೇ ಒಪ್ಪಿಕೊಂಡೆ.

ಭಜನೆಯಲ್ಲಿ ಸುದ್ದಿಯಾಯಿತು. ಕಾಯಿಲೆ ಇಲ್ಲದೆ ಆಪರೇಷನ್ ಮಾಡಿಸಿಕೊಂಡಳಂತೆ, ತಲೆ ಸರಿಯಿದೆಯಾ? ಇನ್ನೊಬ್ಬರು ನನ್ನ ಪರ ವಹಿಸಿದರು, "ಮದುವೆ ಮಕ್ಕಳು ಇಲ್ಲದವರಿಗೆ ಅದು ಇದ್ದರೆಷ್ಟು, ಹೋದರೆಷ್ಟು." ಅಂಥ ಪರ ವಹಿಸುವವರು ಶತ್ರುವಿಗೂ ಬೇಡ. ನಾನು ಭಜನೆ ಬಿಟ್ಟೆ. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟ್ ಬಂದಾಗ ಕವರು ಒಡೆಯಲು ಧೈರ್ಯ ಸಾಲದೆ ಭಾವನ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು, "ಏನೂ ಇಲ್ಲ" ಎಂದರು. ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಮುಂದಿನ ವರ್ಷ ಅಕ್ಕನ ಮಗಳಿಗೆ ಇಪ್ಪತ್ತನಾಲ್ಕಾಯಿತು. ಗುಡಗಾಂವಿನಲ್ಲಿ ಕೆಲಸ. ತಾನೇ ಫೋನ್ ಮಾಡಿ, "ಚಿಕ್ಕಮ್ಮಾ, ನಾನೂ ಟೆಸ್ಟ್ ಮಾಡಿಸ್ಕೋತೀನಿ, ಚಲೋ, ನೀವೂ ಬನ್ನಿ" ಎಂದಳು. ಅದೇ ವಿಭಾಗ, ಅದೇ ಸಾಲು. ಹಳೆಯ ಡಾಕ್ಟರು ಬೇರೆ ಊರಿಗೆ ಹೋಗಿದ್ದಳು. ಫಾರ್ಮು ಬಂದಾಗ ನಾನು ರೂಢಿಯಂತೆ ಕೈಚಾಚಿದೆ. ಅವಳು ಕೊಡಲಿಲ್ಲ. "ನಾನೇ ಬರೀತೀನಿ. ನೀವು ಹೇಳಿ." ಅಷ್ಟು ಹೊತ್ತಿಗೆ ಕೌಂಟರಿನವನಿಗೆ ಅವಸರವಾಗಿತ್ತು. ಅವಳು ಆ ಕಾಲಮಿಗೆ ಬಂದು ನಿಂತದ್ದು ನೋಡಿ, "ಅರೇ ಮೇಡಂ, ನಿಲ್ ಲಿಖ್ ದೀಜಿಯೇ, ಸಬ್ ಯಹೀ ಲಿಖ್ತೇ ಹೈಂ" ಎಂದ. ಎಲ್ಲರೂ ಬರೆಯುವುದು ಅದನ್ನೇ ಅಂತೆ.

ನನಗೆ ಎಲ್ಲಿತ್ತೋ ಸಿಟ್ಟು. ಐದು ವರ್ಷದ್ದು ಒಟ್ಟಿಗೇ ಬಂತು. ಹಿಂದಿ, ಕನ್ನಡ, ಬಾಯಿಗೆ ಬಂದ ಭಾಷೆಯಲ್ಲಿ ಕೂಗಾಡಿದೆ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಪಾಪ, ಅವನು ಮಾಡಿದ ತಪ್ಪೇನು, ಆ ಮಾತನ್ನು ನನಗಿಂತ ಚೆನ್ನಾಗಿ ಪಾಲಿಸಿದವರು ಯಾರು? ಹುಡುಗಿ ನನ್ನ ಮೊಣಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು.

ಕಾಲಂ ಸಾಲದೆ ಬೇರೆ ಹಾಳೆ ತೆಗೆದುಕೊಂಡಳು. ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಮೊದಲನೆಯ ಸಾಲು ಅಜ್ಜಿ. ಎರಡನೆಯದು ಚಿಕ್ಕಜ್ಜಿ. ಮೂರನೆಯದಕ್ಕೆ ನಾನು "ಅಕ್ಕ" ಎಂದೆ. ಅವಳು ಒಂದು ಕ್ಷಣ ಪೆನ್ನು ಎತ್ತಿ ಹಿಡಿದು, ಆಮೇಲೆ "ತಾಯಿ" ಎಂದು ಬರೆದಳು. ನಾಲ್ಕನೆಯ ಸಾಲಿಗೆ ಬಂದಾಗ ನನ್ನ ಕಡೆ ನೋಡಿದಳು.

"ಚಿಕ್ಕಮ್ಮಾ, ನೀವು? ನಿಮ್ಮ ಮುಂದೆ ಏನು ಬರೀಲಿ?"

"ದೋಷ ಇದೆ, ಅಂಡಾಶಯ ತೆಗೆಸಿದ್ದಾರೆ ಅಂತ ಬರಿ. ಕ್ಯಾನ್ಸರ್ ಅನ್ನೋ ಕಡೆ ನಿಲ್ ಅಂತ ಬರಿ."

"ಪಕ್ಕಾ?"

"ರಿಪೋರ್ಟ್ ಇದೆ. ಬೇಕಾದ್ರೆ ನೋಡಿ ಬರಿ," ಎಂದು ಚೀಲದಿಂದ ತೆಗೆದುಕೊಟ್ಟೆ.

ಅವಳು ನಿಜವಾಗಿಯೂ ತೆಗೆದು, ಮೊದಲಿನಿಂದ ಕೊನೆಯವರೆಗೆ ಓದಿದಳು. ಹಿಂದಿನ ಜನ ಗೊಣಗಿದರು, ಅವಳು ತಲೆ ಎತ್ತಲಿಲ್ಲ. ಓದಿ ಮುಗಿಸಿ ಬರೆದಳು. ಅವಳ ಅಕ್ಷರ ಕೋಳಿ ಕೆದಕಿದ ಹಾಗೆ, ಅಕ್ಕ ಅದಕ್ಕಾಗಿ ಅವಳಿಗೆ ಎಷ್ಟು ಸಲ ಬೈದಿದ್ದಳೋ. ನಾನು ಆ ನಾಲ್ಕು ಸಾಲುಗಳನ್ನು ಒಂದೊಂದಾಗಿ ಓದಿದೆ, ಎಲ್ಲವೂ ಸರಿಯಾಗಿತ್ತು.